ಗಂಡಿನ ದೇಹದಲ್ಲಿ ಹೆಣ್ಣಿನ ಹಾರ್ಮೋನು



ಕುಟುಂಬ ಕಲ್ಯಾಣವೆಂದೊಡನೆ ನಮ್ಮ ಕಣ್ಣಮುಂದೆ ಬರುವುದು ತಾಯಿ ಮತ್ತು ಮಗು. ಗರ್ಭಿಣಿಯ ಆರೈಕೆ, ಸುರಕ್ಷಿತ ಹೆರಿಗೆ, ಎದೆಹಾಲು, ಮಕ್ಕಳ ಲಸಿಕೆ ಮುಂತಾದ ವಿಷಯಗಳ ಮೇಲೆ ಅನೇಕ ಭಾಷಣಗಳು ನಡೆದಿವೆ, ಅನೇಕ ಪುಸ್ತಿಕೆಗಳು ಅಚ್ಚಾಗಿವೆ. ಅದು ಆಗಬೇಕಾದ ಕೆಲಸವೇ ಸರಿ. ಆದರೆ ಸಂಸಾರದ ಬಂಡಿಗೆ ಗಾಲಿಗಳು ಎರಡು. ಎರಡನೆಯ ಗಾಲಿಯಾದ ಗಂಡಸಿನ ಶರೀರದ ಬಗೆಗೆ ನಮ್ಮ ಮನೆಗಳಲ್ಲಿ ಮಾತೇ ನಡೆಯುವುದಿಲ್ಲ. ಮಾತು ನಡೆಯದ ಕಡೆ ತಪ್ಪು ತಿಳಿವಳಿಕೆ ಬೇರೂರುತ್ತದೆ. ಅದರ ಹಿಂದೆಯೇ ಭಯವೂ, ಭಯದ ಹಿಂದೆಯೇ ಅದರಿಂದ ಹಣ ಮಾಡಿಕೊಳ್ಳುವವರೂ ಬರುತ್ತಾರೆ.

ಅಂತಹ ಒಂದು ತಪ್ಪು ತಿಳಿವಳಿಕೆಯನ್ನು ಕುರಿತು ಇಂದು ನಿಮ್ಮೊಡನೆ ಮಾತನಾಡಬೇಕಾಗಿದೆ. ಟೆಸ್ಟೊಸ್ಟೆರಾನ್ ಗಂಡಿನ ಹಾರ್ಮೋನು, ಈಸ್ಟ್ರೊಜೆನ್ ಹೆಣ್ಣಿನ ಹಾರ್ಮೋನು ಎಂದು ಶಾಲೆಯ ಪಾಠದಲ್ಲಿ ನಾವೆಲ್ಲ ಓದಿದ್ದೇವೆ. ಆ ಪಾಠದಿಂದಲೇ, ಗಂಡಸಿನ ಮೈಯಲ್ಲಿ ಈಸ್ಟ್ರೊಜೆನ್ ಇದ್ದರೆ ಅದು ಗಂಡುತನಕ್ಕೆ ಬಂದ ಕುಂದು ಎಂಬ ಭಾವನೆಯೂ ಬೆಳೆದುಬಿಟ್ಟಿದೆ. ಇದರ ಫಲವನ್ನು ನೋಡಿರಿ. ಹದಿನಾಲ್ಕು ವರ್ಷದ ಹುಡುಗ ತನ್ನ ಎದೆ ಸ್ವಲ್ಪ ಉಬ್ಬಿತೆಂದು, ಗೆಳೆಯರ ಮುಂದೆ ಅಂಗಿ ತೆಗೆಯಲು ನಾಚಿ, ಈಜನ್ನೂ ಕಬಡ್ಡಿಯನ್ನೂ ಬಿಡುತ್ತಾನೆ. ಇಪ್ಪತ್ತೈದರ ಯುವಕ ತನ್ನ ಗಂಡುತನವನ್ನು ಹೆಚ್ಚಿಸಿಕೊಳ್ಳಲೆಂದು ವ್ಯಾಯಾಮಶಾಲೆಯಲ್ಲಿ ಯಾರೋ ಕೊಟ್ಟ ಚುಚ್ಚುಮದ್ದನ್ನು ತೆಗೆದುಕೊಳ್ಳುತ್ತಾನೆ. ಎರಡು ಮಕ್ಕಳ ತಂದೆ, ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರೆ ಎಲ್ಲಿ ಹೆಣ್ಣಿಗನಾಗುವೆನೋ ಎಂದು ಹೆದರಿ, ಬಾಣಂತನದಿಂದ ಬಳಲಿದ ಹೆಂಡತಿಯನ್ನೇ ಮತ್ತೆ ಆಸ್ಪತ್ರೆಗೆ ಕಳುಹಿಸುತ್ತಾನೆ. ಈ ಮೂವರ ಭಯ ಬೇರೆ ಬೇರೆಯಾಗಿ ತೋರಿದರೂ ಅದರ ಬೇರು ಒಂದೇ.

ಆ ಬೇರನ್ನು ಕೀಳಲು ಬೇಕಾದ ಸತ್ಯ ಇಷ್ಟು: ಆರೋಗ್ಯವಂತನಾದ ಪ್ರತಿಯೊಬ್ಬ ಗಂಡಸಿನ ದೇಹವೂ ತನ್ನ ಟೆಸ್ಟೊಸ್ಟೆರಾನಿನ ಒಂದು ಚಿಕ್ಕ ಪಾಲನ್ನು ಪ್ರತಿದಿನವೂ ಈಸ್ಟ್ರೊಜೆನ್ನಾಗಿ ಮಾರ್ಪಡಿಸುತ್ತದೆ. ಇದು ರೋಗವಲ್ಲ, ಕುಂದೂ ಅಲ್ಲ. ಈ ಮಾರ್ಪಾಡು ನಡೆಯದಿದ್ದರೆ ಗಂಡಸು ಪೂರ್ಣ ಆರೋಗ್ಯವಂತನಾಗಿ ಇರಲಾರ.

ಮೊದಲು ಹಾರ್ಮೋನು ಎಂದರೇನೆಂಬುದನ್ನು ತಿಳಿಯೋಣ. ನಮ್ಮ ದೇಹದಲ್ಲಿ ಕೆಲವು ಗ್ರಂಥಿಗಳಿಗೆ ನಾಳಗಳಿಲ್ಲ. ಅವು ತಮ್ಮ ರಸವನ್ನು ನೇರವಾಗಿ ರಕ್ತಕ್ಕೆ ಬಿಡುತ್ತವೆ. ಇವುಗಳನ್ನು ನಿರ್ನಾಳ ಗ್ರಂಥಿಗಳೆಂದೂ, ಆ ರಸಗಳನ್ನು ಹಾರ್ಮೋನುಗಳು ಅಥವಾ ಚೋದನಿಗಳೆಂದೂ ಕರೆಯುತ್ತಾರೆ. ಅವು ರಕ್ತದೊಡನೆ ಹರಿದು, ತಮ್ಮನ್ನು ಗುರುತಿಸಬಲ್ಲ ಜೀವಕೋಶಗಳನ್ನು ತಲುಪಿ, ಇಂತಹ ಕೆಲಸ ಮಾಡೆಂದು ಸಂದೇಶ ನೀಡುತ್ತವೆ. ಗಂಡಸಿನ ವೃಷಣಗಳು ಎರಡು ಕೆಲಸಗಳನ್ನು ಮಾಡುತ್ತವೆ. ಒಂದು, ವೀರ್ಯಾಣುಗಳ ಉತ್ಪಾದನೆ. ಇನ್ನೊಂದು, ಟೆಸ್ಟೊಸ್ಟೆರಾನ್ ಹಾರ್ಮೋನಿನ ತಯಾರಿಕೆ. ಗಡ್ಡಮೀಸೆ ಚಿಗುರುವುದು, ಧ್ವನಿ ಒಡೆಯುವುದು, ಸ್ನಾಯುಗಳು ಬಲಿಯುವುದು, ಇವೆಲ್ಲ ಈ ಹಾರ್ಮೋನಿನ ಪ್ರಭಾವದಿಂದ ಆಗತಕ್ಕವು.

ಗಂಡಿನ ದೇಹದಲ್ಲಿಯೂ ಈಸ್ಟ್ರೊಜೆನ್ ಇದೆ ಎಂಬುದು ಇತ್ತೀಚಿನ ಸುದ್ದಿಯೇನೂ ಅಲ್ಲ. 1934ರಲ್ಲಿ ಬರ್ನ್‌ಹಾರ್ಡ್ ಝೋಂಡೆಕ್ ಎಂಬ ವಿಜ್ಞಾನಿ ಬೀಜದ ಗಂಡುಕುದುರೆಯ ಮೂತ್ರವನ್ನು ಪರೀಕ್ಷಿಸಿ, ಅದರಲ್ಲಿ ಈಸ್ಟ್ರೊಜೆನ್ ಹೇರಳವಾಗಿರುವುದನ್ನು ಕಂಡರು. ಗಂಡುತನಕ್ಕೆ ಹೆಸರಾದ ಪ್ರಾಣಿಯಲ್ಲಿಯೇ ಹೆಣ್ಣಿನ ಹಾರ್ಮೋನು ಇಷ್ಟೊಂದು ಇದ್ದುದನ್ನು ಕಂಡು ಅಂದಿನ ವಿದ್ವಾಂಸರು ಬೆರಗಾದರು. ಮರುವರ್ಷ, 1935ರಲ್ಲಿ, ಆಮ್‌ಸ್ಟರ್‌ಡಾಮ್ ನಗರದ ವಿಜ್ಞಾನಿಗಳು ಹೋರಿಯ ವೃಷಣಗಳಿಂದ ಶುದ್ಧ ಟೆಸ್ಟೊಸ್ಟೆರಾನನ್ನು ಬೇರ್ಪಡಿಸಿದರು. ಅದೇ ವರ್ಷ ಬ್ಯೂಟೆನಾಂಟ್ ಮತ್ತು ರುಝೀಚ್ಕ ಎಂಬ ರಸಾಯನಶಾಸ್ತ್ರಜ್ಞರು ಅದನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿದರು. 1939ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಇವರಿಬ್ಬರಿಗೆ ಹಂಚಿಕೆಯಾಯಿತು. ಒಂದು ಹಾರ್ಮೋನು ಇನ್ನೊಂದಾಗಿ ಮಾರ್ಪಡುವ ಬಗೆಯನ್ನು 1950ರ ದಶಕದಲ್ಲಿ ಅಮೆರಿಕದ ಕೆನೆತ್ ರಯಾನ್ ಅವರು ಮಾನವ ಗರ್ಭದ ಮಾಸಿನಲ್ಲಿ ಅಭ್ಯಾಸ ಮಾಡಿ ತೋರಿಸಿದರು.

ಆ ಬಗೆ ಯಾವುದೆಂದು ಈಗ ನೋಡೋಣ. ಟೆಸ್ಟೊಸ್ಟೆರಾನ್ ಮತ್ತು ಈಸ್ಟ್ರೊಜೆನ್ ಎರಡಕ್ಕೂ ಮೂಲದ್ರವ್ಯ ಕೊಲೆಸ್ಟರಾಲ್ ಎಂಬ ಜಿಡ್ಡಿನ ವಸ್ತು. ಎರಡರ ಅಣುಗಳೂ ನಾಲ್ಕು ಉಂಗುರಗಳನ್ನು ಒಂದಕ್ಕೊಂದು ಬೆಸೆದಂತೆ ರಚನೆಯಾಗಿವೆ. ಟೆಸ್ಟೊಸ್ಟೆರಾನಿನಲ್ಲಿ ಇಂಗಾಲದ ಪರಮಾಣುಗಳು 19. ಈಸ್ಟ್ರೊಜೆನ್ ಗುಂಪಿನಲ್ಲಿ ಎಲ್ಲಕ್ಕಿಂತ ಪ್ರಬಲವಾದ ಈಸ್ಟ್ರಡಯೋಲಿನಲ್ಲಿ 18. ಗಂಡಿನ ಹಾರ್ಮೋನು, ಹೆಣ್ಣಿನ ಹಾರ್ಮೋನು ಎಂದು ನಾವು ಎರಡು ತುದಿಗಳಲ್ಲಿ ಇರಿಸಿರುವ ಈ ದ್ರವ್ಯಗಳ ನಡುವೆ ಇರುವ ವ್ಯತ್ಯಾಸವೆಂದರೆ ಒಂದು ಇಂಗಾಲದ ಪರಮಾಣು ಮತ್ತು ಮೊದಲನೆಯ ಉಂಗುರದ ಜೋಡಣೆ, ಇಷ್ಟೇ.

ಈ ಬದಲಾವಣೆಯನ್ನು ಮಾಡುವುದು ಅರೊಮಟೇಸ್ ಎಂಬ ಕಿಣ್ವ. ಒಂದು ಚಮಚ ಹೆಪ್ಪು ಒಂದು ಪಾತ್ರೆ ಹಾಲನ್ನು ಮೊಸರಾಗಿಸುವಂತೆ, ಕಿಣ್ವವು ತಾನು ಅತ್ಯಲ್ಪ ಪ್ರಮಾಣದಲ್ಲಿದ್ದೇ ದೊಡ್ಡ ಕೆಲಸವನ್ನು ನೆರವೇರಿಸುತ್ತದೆ. ಅರೊಮಟೇಸನ್ನು ತಯಾರಿಸುವ ಆದೇಶವು ನಮ್ಮ 15ನೆಯ ವರ್ಣತಂತುವಿನ ಒಂದು ವಂಶವಾಹಿಯಲ್ಲಿ ಅಡಕವಾಗಿದೆ. ಈ ಕಿಣ್ವವು ಟೆಸ್ಟೊಸ್ಟೆರಾನ್ ಅಣುವನ್ನು ಹಿಡಿದು, ಮೂರು ಹಂತಗಳಲ್ಲಿ, ಪ್ರತಿಯೊಂದು ಹಂತದಲ್ಲಿಯೂ ಆಮ್ಲಜನಕವನ್ನು ಬಳಸಿಕೊಂಡು, ಹತ್ತೊಂಬತ್ತನೆಯ ಇಂಗಾಲವನ್ನು ಕಳಚುತ್ತದೆ. ಕಳಚಿದ ಇಂಗಾಲವು ಫಾರ್ಮಿಕ್ ಆಮ್ಲವಾಗಿ ಹೊರಬೀಳುತ್ತದೆ. ಇದು ಕೆಲವು ಜಾತಿಯ ಇರುವೆಗಳ ವಿಷದಲ್ಲಿರುವ ಆಮ್ಲವೇ. ಉಳಿದದ್ದು ಈಸ್ಟ್ರಡಯೋಲ್. ಮೊಸರು ಮರಳಿ ಹಾಲಾಗದಂತೆ ಈಸ್ಟ್ರಡಯೋಲ್ ಮರಳಿ ಟೆಸ್ಟೊಸ್ಟೆರಾನ್ ಆಗುವುದಿಲ್ಲ. ಹೆಣ್ಣಿನ ದೇಹದಲ್ಲಿಯೂ ಈಸ್ಟ್ರೊಜೆನ್ ಹುಟ್ಟುವುದು ಇದೇ ದಾರಿಯಲ್ಲಿ ಎಂಬುದನ್ನು ಗಮನಿಸಬೇಕು. ಆಕೆಯ ಅಂಡಾಶಯವೂ ಮೊದಲು ಗಂಡಿನ ಹಾರ್ಮೋನೆಂದು ನಾವು ಕರೆಯುವ ದ್ರವ್ಯಗಳನ್ನೇ ತಯಾರಿಸಿ, ಆಮೇಲೆ ಅವುಗಳಿಂದ ಈಸ್ಟ್ರೊಜೆನನ್ನು ಮಾಡಿಕೊಳ್ಳುತ್ತದೆ.

ಪ್ರಮಾಣದ ಮಾತಿಗೆ ಬರೋಣ. ವಯಸ್ಕ ಗಂಡಸಿನ ದೇಹ ದಿನಕ್ಕೆ ಸುಮಾರು 6ರಿಂದ 7 ಮಿಲಿಗ್ರಾಂ ಟೆಸ್ಟೊಸ್ಟೆರಾನ್ ತಯಾರಿಸುತ್ತದೆ. ಇದು ಎರಡು ಮೂರು ರಾಗಿ ಕಾಳುಗಳ ತೂಕ. ಅದರಲ್ಲಿ ನೂರಕ್ಕೆ ಒಂದು ಪಾಲೂ ಈಸ್ಟ್ರಡಯೋಲ್ ಆಗುವುದಿಲ್ಲ. ದಿನವೊಂದಕ್ಕೆ ಉಂಟಾಗುವ ಈಸ್ಟ್ರಡಯೋಲ್ ಒಂದು ರಾಗಿ ಕಾಳಿನ ಐವತ್ತನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಇದರ ಸುಮಾರು ಐದರಲ್ಲಿ ಒಂದು ಪಾಲು ನೇರವಾಗಿ ವೃಷಣಗಳಲ್ಲಿಯೇ ಹುಟ್ಟುತ್ತದೆ. ಉಳಿದ ನಾಲ್ಕು ಪಾಲು ದೇಹದ ಇತರ ಭಾಗಗಳಲ್ಲಿ, ಅಂದರೆ ಕೊಬ್ಬಿನ ಅಂಗಾಂಶ, ಸ್ನಾಯು, ಚರ್ಮ, ಮೂಳೆ ಮತ್ತು ಮಿದುಳುಗಳಲ್ಲಿ ಉಂಟಾಗುತ್ತದೆ. ಮೂಳೆಗೆ ಬೇಕಾದುದನ್ನು ಮೂಳೆಯೂ, ಮಿದುಳಿಗೆ ಬೇಕಾದುದನ್ನು ಮಿದುಳೂ ಬಹುಮಟ್ಟಿಗೆ ತಾವಿರುವಲ್ಲಿಯೇ ತಯಾರಿಸಿಕೊಳ್ಳುತ್ತವೆ. ಕೆಲಸ ಮುಗಿದ ಈಸ್ಟ್ರೊಜೆನನ್ನು ಪಿತ್ತಜನಕಾಂಗವು ನಿಷ್ಕ್ರಿಯಗೊಳಿಸಿ ಮೂತ್ರ ಮತ್ತು ಪಿತ್ತರಸಗಳ ಮೂಲಕ ಹೊರಹಾಕುತ್ತದೆ.

ಇಷ್ಟು ಅಲ್ಪ ಪ್ರಮಾಣದ ಈ ದ್ರವ್ಯದಿಂದ ಗಂಡಸಿಗೆ ಏನು ಪ್ರಯೋಜನ? ಈ ಪ್ರಶ್ನೆಗೆ ಉತ್ತರ ದೊರೆತದ್ದು, ಅದು ಕೆಲಸ ಮಾಡದಿದ್ದ ಕೆಲವೇ ಕೆಲವು ಗಂಡಸರನ್ನು ವೈದ್ಯರು ಪರೀಕ್ಷಿಸಿದಾಗ. 1994ರಲ್ಲಿ ಅಮೆರಿಕದ ವೈದ್ಯರು 28 ವರ್ಷದ ಒಬ್ಬ ಗಂಡಸಿನ ವೃತ್ತಾಂತವನ್ನು ಪ್ರಕಟಿಸಿದರು. ಆತನ ಎತ್ತರ 204 ಸೆಂಟಿಮೀಟರ್, ಎಂದರೆ ಆರು ಅಡಿ ಎಂಟು ಅಂಗುಲ. ಆ ವಯಸ್ಸಿನಲ್ಲಿಯೂ ಆತ ಬೆಳೆಯುತ್ತಲೇ ಇದ್ದ. ಹರೆಯದ ಕೊನೆಯಲ್ಲಿ ಮುಚ್ಚಿಕೊಳ್ಳಬೇಕಾದ ಮೂಳೆಗಳ ತುದಿಗಳು ಮುಚ್ಚಿಯೇ ಇರಲಿಲ್ಲ. ಮೂಳೆಗಳಾದರೋ ಮುದುಕರ ಮೂಳೆಗಳಂತೆ ಟೊಳ್ಳಾಗಿದ್ದವು. ಆತನ ಟೆಸ್ಟೊಸ್ಟೆರಾನ್ ಪ್ರಮಾಣ ಸರಿಯಾಗಿಯೇ ಇತ್ತು. ಆದರೆ ಈಸ್ಟ್ರೊಜೆನ್ ನೀಡುವ ಸಂದೇಶವನ್ನು ಗ್ರಹಿಸುವ ಶಕ್ತಿ ಆತನ ಜೀವಕೋಶಗಳಿಗೆ ಹುಟ್ಟಿನಿಂದಲೇ ಇರಲಿಲ್ಲ. 1997ರಲ್ಲಿ ಇಟಲಿಯ ವೈದ್ಯರು, ಅರೊಮಟೇಸ್ ಕಿಣ್ವವೇ ಇಲ್ಲದ 38 ವರ್ಷದ ಇನ್ನೊಬ್ಬನಿಗೆ ಮೊದಲು ಟೆಸ್ಟೊಸ್ಟೆರಾನ್ ಕೊಟ್ಟರು. ಮೂಳೆಗೆ ಅದರಿಂದ ಪ್ರಯೋಜನವಾಗಲಿಲ್ಲ. ಆಮೇಲೆ ಅಲ್ಪ ಪ್ರಮಾಣದಲ್ಲಿ ಈಸ್ಟ್ರಡಯೋಲ್ ಕೊಟ್ಟಾಗ ಕೆಲವೇ ತಿಂಗಳುಗಳಲ್ಲಿ ಮೂಳೆಗಳ ತುದಿಗಳು ಮುಚ್ಚಿಕೊಂಡವು, ಮೂಳೆಯಲ್ಲಿ ಖನಿಜಾಂಶ ತುಂಬಿತು. ಹುಡುಗನ ಬೆಳವಣಿಗೆಯನ್ನು ತಕ್ಕ ಕಾಲದಲ್ಲಿ ನಿಲ್ಲಿಸಿ ಆತನ ಮೂಳೆಯನ್ನು ಗಟ್ಟಿಗೊಳಿಸುವುದು ಈ ಹೆಣ್ಣಿನ ಹಾರ್ಮೋನೇ ಎಂಬುದು ಇದರಿಂದ ದೃಢಪಟ್ಟಿತು.

2013ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನವೂ ಉಲ್ಲೇಖಾರ್ಹವಾಗಿದೆ. ಅಮೆರಿಕದ ವೈದ್ಯರು 20ರಿಂದ 50 ವರ್ಷದ ಸುಮಾರು 400 ಆರೋಗ್ಯವಂತ ಗಂಡಸರ ಒಪ್ಪಿಗೆ ಪಡೆದು, ಅವರ ಸ್ವಂತ ಹಾರ್ಮೋನನ್ನು ತಾತ್ಕಾಲಿಕವಾಗಿ ನಿಲ್ಲಿಸಿ, ಹೊರಗಿನಿಂದ ಬೇರೆ ಬೇರೆ ಪ್ರಮಾಣದಲ್ಲಿ ಟೆಸ್ಟೊಸ್ಟೆರಾನ್ ಕೊಟ್ಟರು. ಅವರಲ್ಲಿ ಅರ್ಧದಷ್ಟು ಜನರಿಗೆ ಅರೊಮಟೇಸ್ ಕಿಣ್ವವನ್ನು ತಡೆಯುವ ಮಾತ್ರೆಯನ್ನೂ ಕೊಟ್ಟರು. ಸ್ನಾಯುವಿನ ಗಾತ್ರ ಮತ್ತು ಬಲ ಟೆಸ್ಟೊಸ್ಟೆರಾನನ್ನು ಅವಲಂಬಿಸಿದ್ದವು. ಆದರೆ ಈಸ್ಟ್ರೊಜೆನ್ ತಯಾರಾಗದಂತೆ ತಡೆದವರಲ್ಲಿ ಮೈಯ ಕೊಬ್ಬು ಹೆಚ್ಚಿತು, ಲೈಂಗಿಕ ಆಸಕ್ತಿಯೂ ಶಕ್ತಿಯೂ ಕುಗ್ಗಿದವು. ಗಂಡುತನವೆಂದು ನಾವು ಯಾವುದನ್ನು ಕಾಪಾಡಲು ಹೊರಡುತ್ತೇವೆಯೋ, ಅದರ ಒಂದು ಭಾಗವನ್ನು ಕಾಪಾಡುತ್ತಿರುವುದು ಈಸ್ಟ್ರೊಜೆನ್ ಎಂದಾಯಿತು.

ಇದರ ಮತ್ತೊಂದು ಮುಖ್ಯ ಕೆಲಸವನ್ನು ಕೆರೆಯ ನೀರಗಂಟಿಯ ಕೆಲಸಕ್ಕೆ ಹೋಲಿಸಬಹುದು. ಗದ್ದೆಗೆ ನೀರು ಸಾಕಾದಾಗ ನೀರಗಂಟಿ ತೂಬನ್ನು ಮುಚ್ಚುತ್ತಾನೆ, ಸಾಲದಾದಾಗ ತೆರೆಯುತ್ತಾನೆ. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯು, ಅದರ ಮೇಲಿರುವ ಹೈಪೊಥಲಮಸ್ ಎಂಬ ಭಾಗದ ಅಪ್ಪಣೆಯಂತೆ, ವೃಷಣಗಳಿಗೆ ಕೆಲಸ ಮಾಡಿರೆಂದು ಸಂದೇಶ ಕಳುಹಿಸುತ್ತಿರುತ್ತದೆ. ರಕ್ತದಲ್ಲಿ ಟೆಸ್ಟೊಸ್ಟೆರಾನ್ ಸಾಕಷ್ಟು ಇದೆ ಎಂಬ ಸುದ್ದಿ ಅವುಗಳಿಗೆ ಬಹುಪಾಲು ಈಸ್ಟ್ರಡಯೋಲಿನ ರೂಪದಲ್ಲಿ ಮುಟ್ಟುತ್ತದೆ. ಸುದ್ದಿ ಮುಟ್ಟಿದೊಡನೆ ಅವು ತೂಬನ್ನು ಇಳಿಸುತ್ತವೆ. ಓದುಗರು ಈ ತೂಬಿನ ಮಾತನ್ನು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಮುಂದೆ ಹೇಳುವ ವಿಷಯಗಳು ಇದರಿಂದಲೇ ಅರ್ಥವಾಗುತ್ತವೆ.

ಹಾಗಾದರೆ ಈಸ್ಟ್ರೊಜೆನ್ ಎಷ್ಟಿದ್ದರೂ ಒಳ್ಳೆಯದೇ? ಅಲ್ಲ. ಊಟಕ್ಕೆ ಉಪ್ಪು ಹೇಗೋ ಹಾಗೆ, ಎರಡರ ನಡುವಣ ಹದ ಮುಖ್ಯ. ಆ ಹದ ತಪ್ಪುವ ಸಂದರ್ಭಗಳು ಕೆಲವಿವೆ. ಅವುಗಳಲ್ಲಿ ಎಲ್ಲಕ್ಕಿಂತ ಸಾಮಾನ್ಯವಾದದ್ದು ಬೊಜ್ಜು. ಅರೊಮಟೇಸ್ ಕೊಬ್ಬಿನ ಅಂಗಾಂಶದಲ್ಲಿ ಹೆಚ್ಚಾಗಿರುವುದರಿಂದ, ಹೊಟ್ಟೆ ಬೆಳೆದಂತೆ ಟೆಸ್ಟೊಸ್ಟೆರಾನ್ ಹೆಚ್ಚು ಹೆಚ್ಚಾಗಿ ಈಸ್ಟ್ರೊಜೆನ್ ಆಗುತ್ತದೆ. ಹೆಚ್ಚಿದ ಈಸ್ಟ್ರೊಜೆನ್ ಪಿಟ್ಯುಟರಿಗೆ ಸಾಕು ಎಂಬ ಸುದ್ದಿ ಮುಟ್ಟಿಸುತ್ತದೆ, ತೂಬು ಇಳಿಯುತ್ತದೆ, ವೃಷಣಗಳ ಕೆಲಸ ತಗ್ಗುತ್ತದೆ. ಟೆಸ್ಟೊಸ್ಟೆರಾನ್ ತಗ್ಗಿದಾಗ ಸ್ನಾಯು ಕರಗಿ ಕೊಬ್ಬು ಮತ್ತಷ್ಟು ಸೇರುತ್ತದೆ. ಹೀಗೆ ಗಾಣದ ಎತ್ತಿನಂತೆ ದೇಹ ಸುತ್ತಿದಲ್ಲಿಯೇ ಸುತ್ತುತ್ತದೆ. ಸಮಾಧಾನದ ಸಂಗತಿಯೆಂದರೆ ಈ ಸುತ್ತನ್ನು ಮುರಿಯಲು ಔಷಧಿ ಬೇಕಿಲ್ಲ. ದಿನನಿತ್ಯದ ನಡಿಗೆ ಮತ್ತು ದುಡಿಮೆ, ಮಿತವಾದ ಊಟ, ಇವುಗಳಿಂದ ತೂಕ ಇಳಿದರೆ ಟೆಸ್ಟೊಸ್ಟೆರಾನ್ ತಾನಾಗಿಯೇ ಏರುತ್ತದೆ. ನಮ್ಮ ದೇಶದ ಗಂಡಸರ ಸೊಂಟದ ಸುತ್ತಳತೆ 90 ಸೆಂಟಿಮೀಟರಿನ ಒಳಗಿರಬೇಕೆಂಬುದು ವೈದ್ಯರ ಸಲಹೆ.

ಎರಡನೆಯದು ಮದ್ಯಪಾನ. ದೀರ್ಘಕಾಲದ ಕುಡಿತವು ವೃಷಣಗಳಿಗೆ ನೇರವಾಗಿ ಹಾನಿ ಮಾಡುವುದಲ್ಲದೆ ಪಿತ್ತಜನಕಾಂಗವನ್ನೂ ಹಾಳುಗೆಡವುತ್ತದೆ. ಪಿತ್ತಜನಕಾಂಗ ಗಂಟುಗಟ್ಟಿ ಕೆಟ್ಟ ಗಂಡಸರಲ್ಲಿ ಎದೆ ಉಬ್ಬುವುದು, ಅಂಗೈ ಕೆಂಪಾಗುವುದು, ವೃಷಣಗಳು ಕುಗ್ಗುವುದು ಕಂಡುಬರುತ್ತವೆ. ಮೂರನೆಯದಾಗಿ, ಹೃದಯದ ಕಾಯಿಲೆಗೂ ಜಲೋದರಕ್ಕೂ ಕೊಡುವ ಸ್ಪೈರೊನೊಲ್ಯಾಕ್ಟೋನ್, ಶಿಲೀಂಧ್ರ ರೋಗಕ್ಕೆ ನುಂಗುವ ಕೀಟೊಕೊನಜೋಲ್ ಮಾತ್ರೆ ಮುಂತಾದ ಕೆಲವು ಔಷಧಿಗಳಿಂದಲೂ ಈ ಹದ ತಪ್ಪಬಹುದು. ಆದರೆ ಅಂತಹ ಔಷಧಿಗಳನ್ನು ನೀವಾಗಿಯೇ ನಿಲ್ಲಿಸಬಾರದು, ವೈದ್ಯರಿಗೆ ತಿಳಿಸಬೇಕು. ಇನ್ನು ವಯಸ್ಸಾದಂತೆ ಟೆಸ್ಟೊಸ್ಟೆರಾನ್ ನಿಧಾನವಾಗಿ ತಗ್ಗುವುದು ಸ್ವಾಭಾವಿಕ. ಈಸ್ಟ್ರಡಯೋಲ್ ಅಷ್ಟಾಗಿ ತಗ್ಗುವುದಿಲ್ಲ. ಮುಟ್ಟು ನಿಂತ ಅಜ್ಜಿಯ ರಕ್ತದಲ್ಲಿರುವುದಕ್ಕಿಂತ ಅಜ್ಜನ ರಕ್ತದಲ್ಲಿಯೇ ಈಸ್ಟ್ರಡಯೋಲ್ ಸಾಮಾನ್ಯವಾಗಿ ಹೆಚ್ಚಾಗಿರುತ್ತದೆ ಎಂದರೆ ನಿಮಗೆ ಆಶ್ಚರ್ಯವಾಗಬಹುದು. ಅಜ್ಜನ ಮೂಳೆಗಳು ಅಜ್ಜಿಯ ಮೂಳೆಗಳಿಗಿಂತ ತಡವಾಗಿ ಸವೆಯಲು ಇದೂ ಒಂದು ಕಾರಣ.

ಈಗ ಮೊದಲು ಹೇಳಿದ ಮೂವರ ಕಡೆಗೆ ತಿರುಗೋಣ.

ಹದಿನಾಲ್ಕು ವರ್ಷದ ಹುಡುಗನ ವಿಷಯ ಮೊದಲು. ಹರೆಯ ಬರುವಾಗ ಹಾರ್ಮೋನುಗಳ ಹದ ಇನ್ನೂ ನೆಲೆಗೊಂಡಿರುವುದಿಲ್ಲ. ಈ ಕಾಲದಲ್ಲಿ ಅರ್ಧದಷ್ಟು ಹುಡುಗರಲ್ಲಿ ಮೊಲೆತೊಟ್ಟಿನ ಹಿಂದೆ ಬಿಲ್ಲೆಯಂತಹ ಗಟ್ಟಿ ಗಂಟು ಕಾಣಿಸಿಕೊಳ್ಳುತ್ತದೆ, ಮುಟ್ಟಿದರೆ ಸ್ವಲ್ಪ ನೋಯುತ್ತದೆ. ಹೆಚ್ಚಿನವರಲ್ಲಿ ಇದು ಆರು ತಿಂಗಳಿಂದ ಎರಡು ವರ್ಷಗಳೊಳಗೆ ತಾನಾಗಿಯೇ ಇಳಿದುಹೋಗುತ್ತದೆ. ಇದಕ್ಕೆ ಲೇಪವೂ ಬೇಡ, ಪಥ್ಯವೂ ಬೇಡ, ಬಿಗಿಯಾದ ಪಟ್ಟಿಯೂ ಬೇಡ. ಬೇಕಾದುದು ತಂದೆಯ ಒಂದು ಮಾತು: ಇದು ಎಷ್ಟೋ ಹುಡುಗರಿಗೆ ಆಗುತ್ತದೆ, ಹೆದರಬೇಡ, ಹೋಗುತ್ತದೆ. ಈ ಮಾತನ್ನು ಹೇಳಬಲ್ಲ ತಂದೆ, ಚಿಕ್ಕಪ್ಪ, ಸೋದರಮಾವ, ಉಪಾಧ್ಯಾಯ ಒಬ್ಬರಾದರೂ ಪ್ರತಿಯೊಬ್ಬ ಹುಡುಗನಿಗೆ ಇರಬೇಕು. ಮನೆಯಲ್ಲಿ ಅಣ್ಣತಮ್ಮಂದಿರು ಹಾಸ್ಯ ಮಾಡದಂತೆ ಹಿರಿಯರು ನೋಡಿಕೊಳ್ಳಬೇಕು. ಎರಡು ವರ್ಷ ಕಳೆದರೂ ಇಳಿಯದಿದ್ದರೆ, ಬೇಗ ಬೇಗ ದೊಡ್ಡದಾಗುತ್ತಿದ್ದರೆ ಅಥವಾ ವೃಷಣಗಳು ವಯಸ್ಸಿಗೆ ತಕ್ಕಂತೆ ಬೆಳೆಯದೆ ತೀರ ಚಿಕ್ಕದಾಗಿದ್ದರೆ ವೈದ್ಯರಿಗೆ ತೋರಿಸಬೇಕು. ಸುಮಾರು 500ರಿಂದ 1000 ಗಂಡುಮಕ್ಕಳಲ್ಲಿ ಒಬ್ಬನು ಒಂದು ಎಕ್ಸ್ ವರ್ಣತಂತುವನ್ನು ಹೆಚ್ಚಾಗಿ ಪಡೆದು ಹುಟ್ಟಿರುತ್ತಾನೆ. ಕ್ಲೈನ್‌ಫೆಲ್ಟರ್ ಎಂಬ ಹೆಸರಿನ ಈ ಸ್ಥಿತಿಯನ್ನು ಬೇಗ ಗುರುತಿಸಿದರೆ ತಕ್ಕ ಚಿಕಿತ್ಸೆ ಕೊಡಬಹುದು. ದೊಡ್ಡವರಲ್ಲಿ ಒಂದೇ ಕಡೆ ಕಲ್ಲಿನಂತೆ ಗಟ್ಟಿಯಾದ ಗಂಟು, ತೊಟ್ಟಿನಿಂದ ರಕ್ತ ಅಥವಾ ಚರ್ಮದ ಹುಣ್ಣು ಕಂಡರೆ ತಡಮಾಡಲೇಬಾರದು. ಸ್ತನದ ಕ್ಯಾನ್ಸರ್ ನೂರರಲ್ಲಿ ಸುಮಾರು ಒಂದು ಪಾಲು ಗಂಡಸರಿಗೂ ಬರುತ್ತದೆ.

ಇನ್ನು ಚುಚ್ಚುಮದ್ದಿನ ಯುವಕ. ಮೈಕಟ್ಟು ಬೇಗ ಬರಲೆಂದು ಟೆಸ್ಟೊಸ್ಟೆರಾನನ್ನೋ ಅದರ ಜಾತಿಗೆ ಸೇರಿದ ಸ್ಟೀರಾಯ್ಡ್ ಔಷಧಿಗಳನ್ನೋ ವೈದ್ಯರ ಸಲಹೆಯಿಲ್ಲದೆ ತೆಗೆದುಕೊಳ್ಳುವ ಚಾಳಿ ಹೆಚ್ಚುತ್ತಿದೆ. ಇದರಿಂದ ಆಗುವುದೇನು? ಹೊರಗಿನಿಂದ ಬಂದ ಟೆಸ್ಟೊಸ್ಟೆರಾನಿನ ಪಾಲೂ ಅರೊಮಟೇಸಿನ ಕೈಗೆ ಸಿಕ್ಕಿ ಈಸ್ಟ್ರೊಜೆನ್ ಆಗುತ್ತದೆ. ಗಂಡುತನಕ್ಕೆಂದು ತೆಗೆದುಕೊಂಡ ಔಷಧಿಯಿಂದಲೇ ಎದೆ ಉಬ್ಬುತ್ತದೆ. ಅತ್ತ ಪಿಟ್ಯುಟರಿಯು ಹಾರ್ಮೋನು ಬೇಕಾದಷ್ಟಿದೆ ಎಂದು ತಿಳಿದು ತೂಬನ್ನು ಪೂರ್ತಿ ಮುಚ್ಚುತ್ತದೆ. ವೃಷಣಗಳು ಕುಗ್ಗುತ್ತವೆ, ವೀರ್ಯಾಣುಗಳ ಉತ್ಪಾದನೆ ನಿಲ್ಲುತ್ತದೆ. ಇದು ಊಹೆಯ ಮಾತಲ್ಲ. ಟೆಸ್ಟೊಸ್ಟೆರಾನನ್ನು ಗಂಡಸರ ಗರ್ಭನಿರೋಧಕವಾಗಿ ಬಳಸಬಹುದೇ ಎಂದು ವಿಶ್ವ ಆರೋಗ್ಯ ಸಂಸ್ಥೆ ಪರೀಕ್ಷೆ ನಡೆಸಿ 1990ರಲ್ಲಿ ಫಲಿತಾಂಶ ಪ್ರಕಟಿಸಿತು. ವಾರಕ್ಕೊಮ್ಮೆ 200 ಮಿಲಿಗ್ರಾಂ ಚುಚ್ಚುಮದ್ದು ಪಡೆದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ವೀರ್ಯದಲ್ಲಿ ಆರು ತಿಂಗಳೊಳಗೆ ಒಂದು ವೀರ್ಯಾಣುವೂ ಉಳಿದಿರಲಿಲ್ಲ. ವೈದ್ಯರ ಮೇಲ್ವಿಚಾರಣೆಯಲ್ಲಿ ನಡೆದ ಪರೀಕ್ಷೆಯಲ್ಲಿಯೇ ಹೀಗಾದರೆ, ಅಳತೆಯಿಲ್ಲದೆ ತೆಗೆದುಕೊಳ್ಳುವವರ ಗತಿ ಏನು? ಚುಚ್ಚುಮದ್ದು ನಿಲ್ಲಿಸಿದ ಮೇಲೆ ವೀರ್ಯಾಣುಗಳು ಮರಳಲು ತಿಂಗಳುಗಳು ಬೇಕು, ಕೆಲವೊಮ್ಮೆ ವರ್ಷಕ್ಕಿಂತ ಹೆಚ್ಚು ಬೇಕಾಗುತ್ತದೆ. ಬಹುಕಾಲ, ಹೆಚ್ಚು ಪ್ರಮಾಣದಲ್ಲಿ ತೆಗೆದುಕೊಂಡವರಲ್ಲಿ ಪೂರ್ತಿ ಮರಳದೆಯೂ ಇರಬಹುದು.

ಇದರ ನೋವನ್ನು ಅನುಭವಿಸುವವನು ಅವನೊಬ್ಬನೇ ಅಲ್ಲ. ಮದುವೆಯಾಗಿ ಎರಡು ವರ್ಷವಾದರೂ ಮಕ್ಕಳಾಗಲಿಲ್ಲವೆಂದಾಗ ನಮ್ಮ ಸಮಾಜ ಮೊದಲು ಬೊಟ್ಟು ಮಾಡುವುದು ಹೆಣ್ಣಿನ ಕಡೆಗೆ. ಆಕೆಯನ್ನು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಸುತ್ತಾರೆ, ಹರಕೆ ಹೊರಿಸುತ್ತಾರೆ, ಬಂಜೆಯೆಂದು ಆಡುತ್ತಾರೆ. ಗಂಡನ ವೀರ್ಯಪರೀಕ್ಷೆ ಸುಲಭವೂ ಅಗ್ಗವೂ ಆದದ್ದು. ಅದನ್ನು ಮೊದಲೇ ಮಾಡಿಸುವುದು ಹಾಗೂ ತಾನು ತೆಗೆದುಕೊಂಡ ಔಷಧಿಗಳನ್ನು ವೈದ್ಯರಿಗೆ ಮುಚ್ಚಿಡದೆ ಹೇಳುವುದು ಗಂಡನ ಕರ್ತವ್ಯ.

ಎದೆ ಉಬ್ಬಿದ ಮೇಲೆ ಕೆಲವರು ಅರೊಮಟೇಸ್ ತಡೆಯುವ ಮಾತ್ರೆಗಳನ್ನು ತಾವಾಗಿಯೇ ನುಂಗುತ್ತಾರೆ. ಇವು ಮುಖ್ಯವಾಗಿ ಮುಟ್ಟು ನಿಂತ ಸ್ತ್ರೀಯರ ಸ್ತನ ಕ್ಯಾನ್ಸರಿನ ಚಿಕಿತ್ಸೆಗೆ ಬಳಸತಕ್ಕ ಔಷಧಿಗಳು. ಇವುಗಳಿಂದ ಮೂಳೆ ಸವೆಯುತ್ತದೆ. ಮೇಲೆ ಹೇಳಿದ 2013ರ ಅಧ್ಯಯನದಂತೆ ಕೊಬ್ಬು ಹೆಚ್ಚಿ ಆಸಕ್ತಿ ಕುಗ್ಗುವುದೂ ಉಂಟು. ಈಸ್ಟ್ರೊಜೆನ್ ಇಳಿಸಿ ಪುರುಷತ್ವ ಹೆಚ್ಚಿಸುವೆವೆಂದು ಮಾರುವ ಪುಡಿ, ಲೇಹ್ಯ, ಗುಳಿಗೆಗಳಿಗೂ ಮರುಳಾಗಬಾರದು. ಇಂತಹ ಪದಾರ್ಥಗಳಲ್ಲಿ ಚೀಟಿಯ ಮೇಲೆ ನಮೂದಿಸದ ಸ್ಟೀರಾಯ್ಡ್‌ಗಳು ಬೆರೆತಿರುವುದು ಹಲವು ದೇಶಗಳ ತಪಾಸಣೆಗಳಲ್ಲಿ ಕಂಡುಬಂದಿದೆ. ಸೋಯಾ ಅವರೆ ತಿಂದರೆ ಗಂಡಸು ಹೆಣ್ಣಿಗನಾಗುತ್ತಾನೆಂಬ ಮಾತಿಗೂ ಆಧಾರವಿಲ್ಲ. ಊಟದ ಪ್ರಮಾಣದಲ್ಲಿ ತಿಂದ ಸೋಯಾದಿಂದ ಗಂಡಸಿನ ಟೆಸ್ಟೊಸ್ಟೆರಾನ್ ಆಗಲಿ ಈಸ್ಟ್ರೊಜೆನ್ ಆಗಲಿ ಬದಲಾಗುವುದಿಲ್ಲ. ಟೆಸ್ಟೊಸ್ಟೆರಾನ್ ನಿಜವಾಗಿಯೂ ಕೊರತೆಯಾಗಿರುವವರು ಉಂಟು. ಅದನ್ನು ಬೆಳಗಿನ ಹೊತ್ತು ತೆಗೆದ ರಕ್ತದ ಪರೀಕ್ಷೆಯಿಂದ ವೈದ್ಯರು ನಿರ್ಧರಿಸಿ ಚಿಕಿತ್ಸೆ ಕೊಡುತ್ತಾರೆ. ಮುಂದೆ ಮಕ್ಕಳು ಬೇಕೆಂದಿದ್ದರೆ ಅದನ್ನು ಮೊದಲೇ ತಿಳಿಸಬೇಕು. ಆಗ ಬೇರೆ ಬಗೆಯ ಚಿಕಿತ್ಸೆಯನ್ನು ಅವರು ಆರಿಸುತ್ತಾರೆ.

ಕೊನೆಯದಾಗಿ ಎರಡು ಮಕ್ಕಳ ತಂದೆ. ಗಂಡಸರ ಸಂತಾನ ನಿರೋಧ ಶಸ್ತ್ರಚಿಕಿತ್ಸೆಯಾದ ವ್ಯಾಸೆಕ್ಟಮಿಯಲ್ಲಿ ವೈದ್ಯರು ಮುಟ್ಟುವುದು ವೀರ್ಯಾಣುಗಳು ಸಾಗುವ ಎರಡು ತೆಳುವಾದ ನಾಳಗಳನ್ನು ಮಾತ್ರ. ವೃಷಣಗಳನ್ನು ಮುಟ್ಟುವುದಿಲ್ಲ. ಟೆಸ್ಟೊಸ್ಟೆರಾನ್ ಈ ನಾಳಗಳಲ್ಲಿ ಸಾಗುವುದೇ ಇಲ್ಲ. ನಿರ್ನಾಳ ಗ್ರಂಥಿಗಳ ರಸ ನೇರವಾಗಿ ರಕ್ತಕ್ಕೆ ಸೇರುತ್ತದೆಂದು ಮೊದಲೇ ಹೇಳಿದ್ದನ್ನು ನೆನಪು ಮಾಡಿಕೊಳ್ಳಿರಿ. ಆದುದರಿಂದ ಶಸ್ತ್ರಚಿಕಿತ್ಸೆಯ ಮುಂಚೆ ಎಷ್ಟು ಟೆಸ್ಟೊಸ್ಟೆರಾನ್ ತಯಾರಾಗುತ್ತಿತ್ತೋ ಆಮೇಲೆಯೂ ಅಷ್ಟೇ ತಯಾರಾಗುತ್ತದೆ. ಎಷ್ಟು ಈಸ್ಟ್ರೊಜೆನ್ ಆಗುತ್ತಿತ್ತೋ ಅಷ್ಟೇ ಆಗುತ್ತದೆ. ಗಡ್ಡಮೀಸೆ ಉದುರುವುದಿಲ್ಲ, ಧ್ವನಿ ಬದಲಾಗುವುದಿಲ್ಲ, ದುಡಿಯುವ ಶಕ್ತಿ ಕುಂದುವುದಿಲ್ಲ, ದಾಂಪತ್ಯ ಸುಖಕ್ಕೂ ಕೊರತೆಯಿಲ್ಲ. ಕತ್ತಿ ತಗಲಿಸದೆ, ಹೊಲಿಗೆ ಹಾಕದೆ ಚಿಕ್ಕ ರಂಧ್ರದ ಮೂಲಕ ಮಾಡುವ ಎನ್.ಎಸ್.ವಿ. ವಿಧಾನ ಈಗ ಬಳಕೆಯಲ್ಲಿದೆ. ಆ ಜಾಗವನ್ನಷ್ಟೇ ಮರಗಟ್ಟಿಸಿ ಮಾಡುವ ಈ ಚಿಕಿತ್ಸೆಯ ಅನಂತರ ಅದೇ ದಿನ ಮನೆಗೆ ಹೋಗಬಹುದು. ಒಂದು ಎಚ್ಚರಿಕೆ: ನಾಳದಲ್ಲಿ ಮುಂಚೆಯೇ ಸೇರಿದ್ದ ವೀರ್ಯಾಣುಗಳು ಹೊರಹೋಗಲು ಕಾಲ ಬೇಕು. ಆದ್ದರಿಂದ ಮೂರು ತಿಂಗಳು ನಿರೋಧ್ ಮುಂತಾದ ಬೇರೆ ವಿಧಾನವನ್ನು ಅನುಸರಿಸಿ, ವೀರ್ಯಪರೀಕ್ಷೆ ಮಾಡಿಸಿ ಖಚಿತಪಡಿಸಿಕೊಳ್ಳಬೇಕು.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ ದಂಪತಿಗಳಲ್ಲಿ ಶೇಕಡಾ 37.9ರಷ್ಟು ಮಂದಿ ಹೆಂಡತಿಯ ಶಸ್ತ್ರಚಿಕಿತ್ಸೆಯನ್ನು ಅವಲಂಬಿಸಿದ್ದರು. ಗಂಡನ ಶಸ್ತ್ರಚಿಕಿತ್ಸೆಯನ್ನು ಅವಲಂಬಿಸಿದ್ದವರು ಶೇಕಡಾ 0.3 ಮಾತ್ರ. ಹೊಟ್ಟೆಯೊಳಗೆ ಮಾಡಬೇಕಾದ ಹೆಂಗಸರ ಶಸ್ತ್ರಚಿಕಿತ್ಸೆಗಿಂತ ಗಂಡಸರದು ಸರಳವೂ ಹೆಚ್ಚು ಸುರಕ್ಷಿತವೂ ಆಗಿದ್ದರೂ ಅಂಕಿಗಳು ಹೀಗಿವೆ. ಈ ಅಂತರಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಗಂಡುತನ ಹೋದೀತೆಂಬ ಭಯವೂ ಒಂದು. ಆ ಭಯಕ್ಕೆ ಶರೀರಶಾಸ್ತ್ರದಲ್ಲಿ ಯಾವ ಆಧಾರವೂ ಇಲ್ಲ. ಆದರೆ ಅದರ ಭಾರವನ್ನು ಇಂದಿಗೂ ಹೆಣ್ಣುಮಕ್ಕಳೇ ಹೊರುತ್ತಿದ್ದಾರೆ.

ಆದುದರಿಂದ, ಓದುಗರೇ, ನಿಮ್ಮಲ್ಲಿ ನಮ್ಮ ವಿನಂತಿ ಇಷ್ಟೇ. ತೂಕವನ್ನೂ ಕುಡಿತವನ್ನೂ ಹತೋಟಿಯಲ್ಲಿಡಿರಿ. ಹರೆಯದ ಮಗನೊಡನೆ ಮುಚ್ಚುಮರೆಯಿಲ್ಲದೆ ಮಾತನಾಡಿರಿ. ವೈದ್ಯರು ಬರೆದುಕೊಡದ ಹಾರ್ಮೋನನ್ನು ಮುಟ್ಟಬೇಡಿರಿ. ಮಕ್ಕಳಾಗದಿದ್ದರೆ ಗಂಡಹೆಂಡಿರಿಬ್ಬರೂ ಕೂಡಿ ಪರೀಕ್ಷೆಗೆ ಹೋಗಿರಿ. ಮಕ್ಕಳು ಸಾಕೆನಿಸಿದರೆ, ಶಸ್ತ್ರಚಿಕಿತ್ಸೆಯನ್ನು ಯಾರು ಮಾಡಿಸಿಕೊಳ್ಳುವುದೆಂಬುದನ್ನು ಇಬ್ಬರೂ ಕುಳಿತು, ಭಯ ಬಿಟ್ಟು, ತಿಳಿದು ತೀರ್ಮಾನಿಸಿರಿ. ಸಂದೇಹವಿದ್ದರೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನೋ ಆರೋಗ್ಯ ಕಾರ್ಯಕರ್ತರನ್ನೋ ಕೇಳಿರಿ, ನಾಚಿಕೆಪಡಬೇಡಿರಿ.

ಗಂಡಿನ ದೇಹವು ಈಸ್ಟ್ರೊಜೆನನ್ನು ಹೊರಗಿನಿಂದ ಸಾಲ ತಂದಿಲ್ಲ. ತನ್ನದೇ ಟೆಸ್ಟೊಸ್ಟೆರಾನಿನಿಂದ, ತನಗೆ ಬೇಕಾದಷ್ಟನ್ನು, ಬೇಕಾದ ಕಡೆ ಅದು ಮಾಡಿಕೊಳ್ಳುತ್ತದೆ. ಆತನ ಮೂಳೆಯ ಬಲವೂ ದಾಂಪತ್ಯದ ಸುಖವೂ ಆ ಅಲ್ಪ ಪ್ರಮಾಣದ ದ್ರವ್ಯದ ಋಣದಲ್ಲಿವೆ. ಇದನ್ನು ತಿಳಿದ ಗಂಡಸು ತನ್ನ ಶರೀರವನ್ನು ಕುರಿತು ನಾಚಬೇಕಾಗಿಲ್ಲ, ಅದನ್ನು ಔಷಧಿಯಿಂದ ಹಿಂಸಿಸಬೇಕಾಗಿಲ್ಲ, ತನ್ನ ಪಾಲಿನ ಹೊಣೆಯನ್ನು ಹೆಂಡತಿಯ ಮೇಲೆ ಹೊರಿಸಬೇಕಾಗಿಯೂ ಇಲ್ಲ.